ಹತ್ತು ಗಿಗಾಹರ್ಟ್ಸ್‌ನಲ್ಲಿ ದೂರದ ಸಂಪರ್ಕ: ಇವತ್ತಿನ ಹವೆ ಯಾವ ದಾರಿ ಕೊಟ್ಟಿದೆ?

ಎರಡೂ ಕಡೆ 60 ಸೆಂ.ಮೀ. ಡಿಶ್, ಡಿಶ್ಶಿನ ಬೆನ್ನಿಗೇ ಕಟ್ಟಿದ 3 ವ್ಯಾಟ್ ಆಂಪ್ಲಿಫೈಯರ್, ಒಂದೂವರೆ ಡಿಬಿ ನಾಯ್ಸ್ ಫಿಗರ್‌ನ ರಿಸೀವರ್. 10,368 ಮೆಗಾಹರ್ಟ್ಸ್‌ನಲ್ಲಿ ಇದು ಸಾಧಾರಣ ಹ್ಯಾಮ್ (ಹವ್ಯಾಸಿ ರೇಡಿಯೊ) ಸ್ಟೇಷನ್. ಇಬ್ಬರ ನಡುವೆ 300 ಕಿ.ಮೀ. ಇದೆ ಅಂತಿಟ್ಟುಕೊಂಡು ಲೆಕ್ಕ ಹಾಕೋಣ. (ಡಿಬಿ ಶಕ್ತಿಯ ಅನುಪಾತದ ಅಳತೆ, 10 ಡಿಬಿ ಅಂದರೆ ಹತ್ತು ಪಟ್ಟು. ಡಿಬಿಎಂ ಒಂದು ಮಿಲಿವ್ಯಾಟಿಗೆ ಹೋಲಿಸಿದ್ದು.) 3 ವ್ಯಾಟ್ ಅಂದರೆ ಸುಮಾರು 35 ಡಿಬಿಎಂ. ಡಿಶ್ ಒಂದೊಂದರ ಗೇನ್ ಮೂವತ್ತಮೂರೂವರೆ ಡಿಬಿ. ಅಡ್ಡ ಏನೂ ಇಲ್ಲದ ಬಯಲಲ್ಲಿ 300 ಕಿ.ಮೀ.ಗೆ ಆಗುವ ನಷ್ಟ 162 ಡಿಬಿ. ಕೂಡಿ ಕಳೆದರೆ ರಿಸೀವರಿಗೆ ಮೈನಸ್ 60 ಡಿಬಿಎಂ ಬರಬೇಕು. ಎಸ್‌ಎಸ್‌ಬಿಯ (ಮಾತು ಕಳಿಸುವ ವಿಧಾನ) ಎರಡೂವರೆ ಕಿಲೋಹರ್ಟ್ಸ್ ಅಗಲದಲ್ಲಿ ನಾಯ್ಸ್ ಮಟ್ಟ ಮೈನಸ್ 138ರ ಆಸುಪಾಸು. ಅಂದರೆ ಕೈಯಲ್ಲಿ 78 ಡಿಬಿ ಮಿಕ್ಕಿದೆ.

ಆದರೆ ಭೂಮಿ ಉರುಟು. ಆಂಟೆನಾಗಳು ಸುತ್ತಲಿನ ನೆಲಕ್ಕಿಂತ ನೂರು ನೂರು ಮೀಟರ್ ಎತ್ತರದಲ್ಲಿದ್ದರೂ ರೇಡಿಯೊ ಕ್ಷಿತಿಜದ ಲೆಕ್ಕದಲ್ಲಿ ನೇರ ನೋಟ ಮುಗಿಯುವುದು 82 ಕಿ.ಮೀ.ಗೆ. (ಮೀಟರಿನಲ್ಲಿ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿ, ಎರಡೂ ಕಡೆಯದ್ದನ್ನು ಕೂಡಿ.) ಅದರಾಚೆ ಸಿಗ್ನಲ್ ತಲುಪುವುದು ಗಾಳಿಯ ಸಣ್ಣ ಸುಳಿಗಳಿಂದ ಚದುರಿ. ಇದೇ ಟ್ರೋಪೋಸ್ಕ್ಯಾಟರ್. 300 ಕಿ.ಮೀ.ಯಲ್ಲಿ ಈ ಚದುರುವಿಕೆ ಬಯಲಿನ ನಷ್ಟದ ಮೇಲೆ ಇನ್ನೂ 75ರಿಂದ 80 ಡಿಬಿ ನುಂಗುತ್ತದೆ. ಕೈಯಲ್ಲಿದ್ದದ್ದು 78. ಮಾತು ಕೇಳುವುದಿಲ್ಲ. ಕಿವಿ ನೂರು ಹರ್ಟ್ಸ್ ಅಗಲಕ್ಕೆ ಸೋಸಿ ಕೇಳಿದರೆ 14 ಡಿಬಿ ಲಾಭ ಇರುವುದರಿಂದ ಮೋರ್ಸ್ ಮಾತ್ರ ಮಿಣುಕುತ್ತದೆ.

ಈ ಲೆಕ್ಕವನ್ನು ಮೊದಲೇ ಇಟ್ಟದ್ದಕ್ಕೆ ಕಾರಣ ಇದೆ. ದೂರದ ಮೈಕ್ರೋವೇವ್ ಸಂಪರ್ಕ ಯಾವಾಗಲೂ ಅಂಚಿನ ಮೇಲೇ ನಿಂತಿರುತ್ತದೆ. ವ್ಯಾಟ್ ದುಪ್ಪಟ್ಟು ಮಾಡಿದರೆ 3 ಡಿಬಿ ಸಿಕ್ಕೀತು. ಹವೆ ಒಲಿದರೆ ಒಂದೇ ರಾತ್ರಿಯಲ್ಲಿ 50 ಡಿಬಿ ಸಿಗುತ್ತದೆ. ಹಾಗಂತ 'ಹವೆ ಚೆನ್ನಾಗಿದೆಯೇ' ಎಂದು ಕೇಳಿ ಪ್ರಯೋಜನವಿಲ್ಲ. ಇವತ್ತಿನ ಹವೆ ಯಾವ ದಾರಿ ಕೊಟ್ಟಿದೆ ಅಂತ ಕೇಳಬೇಕು. ಡಕ್ಟ್ (ತರಂಗವನ್ನು ಕೊಳವೆಯಂತೆ ಒಯ್ಯುವ ಗಾಳಿಯ ಪದರ) ಕೊಟ್ಟಿದ್ದರೆ ನಿಲ್ಲುವ ಜಾಗ ಒಂದು, ಮಳೆಮೋಡ ಕೊಟ್ಟಿದ್ದರೆ ಡಿಶ್ ತಿರುಗಿಸುವ ದಿಕ್ಕೇ ಬೇರೆ. ದಾರಿ ಗೊತ್ತಿಲ್ಲದೆ ಬೆಟ್ಟ ಹತ್ತಿದರೆ ಬಹಳ ಸಲ ತಪ್ಪು ಎತ್ತರದಲ್ಲಿ, ತಪ್ಪು ದಿಕ್ಕಿಗೆ, ತಪ್ಪು ಮೋಡ್‌ನಲ್ಲಿ ಕೂಗಿ ಇಳಿಯಬೇಕಾಗುತ್ತದೆ.

ಬಾಗುವ ಗಾಳಿ

ಗಾಳಿಯ ವಕ್ರೀಭವನ ಸೂಚ್ಯಂಕ 1ಕ್ಕಿಂತ ಕೂದಲೆಳೆಯಷ್ಟು ಹೆಚ್ಚು, 1.0003ರ ಸುತ್ತ. ದಶಮಾಂಶ ಹೊತ್ತು ತಿರುಗುವುದು ಕಷ್ಟವೆಂದು ಆ ಹೆಚ್ಚುವರಿಯನ್ನು ಹತ್ತು ಲಕ್ಷದಿಂದ ಗುಣಿಸಿ 'ಎನ್' ಎನ್ನುತ್ತಾರೆ. ಲೆಕ್ಕ ಸರಳ: 77.6ನ್ನು ಒತ್ತಡದಿಂದ ಗುಣಿಸಿ ಉಷ್ಣಾಂಶದಿಂದ ಭಾಗಿಸಿ. ಅದಕ್ಕೆ 3,73,000ವನ್ನು ನೀರಾವಿಯ ಒತ್ತಡದಿಂದ ಗುಣಿಸಿ ಉಷ್ಣಾಂಶದ ವರ್ಗದಿಂದ ಭಾಗಿಸಿದ್ದನ್ನು ಕೂಡಿಸಿ. ಒತ್ತಡಗಳು ಹೆಕ್ಟೋಪ್ಯಾಸ್ಕಲ್‌ನಲ್ಲಿ, ಉಷ್ಣಾಂಶ ಕೆಲ್ವಿನ್‌ನಲ್ಲಿ.

ಮೇಲೆ ಹೋದಂತೆ ಎನ್ ಇಳಿಯುತ್ತದೆ. ಸಾಮಾನ್ಯ ದಿನ ಒಂದು ಕಿ.ಮೀ.ಗೆ 40ರಷ್ಟು. ಇದರಿಂದ ತರಂಗ ಸ್ವಲ್ಪ ಕೆಳಗೆ ಬಾಗುತ್ತದೆ, ಭೂಮಿ ತನ್ನ ತ್ರಿಜ್ಯ ಮೂರನೇ ಒಂದು ಪಾಲು ಹೆಚ್ಚಿದಂತೆ ವರ್ತಿಸುತ್ತದೆ. ಮೇಲಿನ 4.12 ಬಂದದ್ದೂ ಇಲ್ಲಿಂದಲೇ. ಇಳಿಕೆ ಕಿ.ಮೀ.ಗೆ 157 ಮುಟ್ಟಿದರೆ ತರಂಗದ ಬಾಗು ಭೂಮಿಯ ಬಾಗಿಗೆ ಸಮ. ಅದಕ್ಕಿಂತ ಹೆಚ್ಚಾದರೆ ತರಂಗ ಆ ಪದರದೊಳಗೆ ಸಿಕ್ಕಿಬಿದ್ದು ಕೊಳವೆಯಲ್ಲಿ ಹರಿದಂತೆ ಹರಿಯುತ್ತದೆ. ಇದು ಡಕ್ಟ್.

ಇಲ್ಲಿ ಬಹಳ ಜನ ಉಷ್ಣಾಂಶವೊಂದನ್ನೇ ನೋಡುತ್ತಾರೆ. 'ಇನ್ವರ್ಷನ್ ಇದೆ, ಮೇಲೆ ಬೆಚ್ಚಗಿದೆ, ಬ್ಯಾಂಡ್ ತೆರೆಯುತ್ತದೆ' ಎನ್ನುವುದು ಅರ್ಧ ಸತ್ಯ. ಸುಮಾರು 17 ಡಿಗ್ರಿ ಸೆಲ್ಸಿಯಸ್‌ನ ಗಾಳಿ ತೆಗೆದುಕೊಳ್ಳಿ. ಒತ್ತಡ ಇಳಿಯುವುದರಿಂದಲೇ ಕಿ.ಮೀ.ಗೆ 32 ಎನ್ ಹೋಗುತ್ತದೆ. 157 ಮುಟ್ಟಲು ಇನ್ನೂ 125 ಬೇಕು. ಅದನ್ನು ಉಷ್ಣಾಂಶವೊಂದೇ ಕೊಡಬೇಕಾದರೆ ನೂರು ಮೀಟರ್ ಏರುವಷ್ಟರಲ್ಲಿ ಒಂಬತ್ತೂವರೆ ಡಿಗ್ರಿ ಬಿಸಿಯಾಗಬೇಕು. ನೀರಾವಿಯೊಂದೇ ಕೊಡಬೇಕಾದರೆ? ನೂರು ಮೀಟರಿಗೆ ಮೂರು ಹೆಕ್ಟೋಪ್ಯಾಸ್ಕಲ್‌ಗಿಂತ ಕಡಿಮೆ ಇಳಿದರೆ ಸಾಕು. ಎರಡನೆಯದು ಸಿಗುವುದು ಎಷ್ಟೋ ಸುಲಭ. ಮೈಕ್ರೋವೇವ್ ಡಕ್ಟ್‌ನ ಜೀವಾಳ ಕೆಳಗಿನ ತೇವ, ಮೇಲಿನ ಒಣಗಾಳಿ. ಇನ್ವರ್ಷನ್ ಮಾಡುವ ದೊಡ್ಡ ಉಪಕಾರವೆಂದರೆ ಆ ತೇವ ಮೇಲಕ್ಕೆ ಬೆರೆಯದಂತೆ ಮುಚ್ಚಳ ಹಾಕುವುದು.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸೋಣ. ಬೆಳಗಿನ ಹವಾ ಬಲೂನಿನ ಅಳತೆ ಹೀಗಿದೆ ಅನ್ನಿ: ನೆಲದಲ್ಲಿ 1010 ಹೆಕ್ಟೋಪ್ಯಾಸ್ಕಲ್, 20 ಡಿಗ್ರಿ, ಇಬ್ಬನಿ ಬಿಂದು (ಗಾಳಿಯ ಆವಿ ಹನಿಯಾಗತೊಡಗುವ ಉಷ್ಣಾಂಶ) 18. ಇನ್ನೂರು ಮೀಟರಿನಲ್ಲಿ 987 ಹೆಕ್ಟೋಪ್ಯಾಸ್ಕಲ್, 24 ಡಿಗ್ರಿ, ಇಬ್ಬನಿ ಬಿಂದು 8. ನೀರಾವಿಯ ಒತ್ತಡ ನಿರ್ಧಾರವಾಗುವುದು ಇಬ್ಬನಿ ಬಿಂದುವಿನಿಂದ: 18 ಡಿಗ್ರಿಗೆ 20.6, 8 ಡಿಗ್ರಿಗೆ 10.7 ಹೆಕ್ಟೋಪ್ಯಾಸ್ಕಲ್. ನೆಲದಲ್ಲಿ ಒಣ ಭಾಗ 267, ತೇವದ ಭಾಗ 89, ಒಟ್ಟು ಎನ್ 357. ಮೇಲೆ ಒಣ ಭಾಗ 258, ತೇವದ ಭಾಗ 45, ಒಟ್ಟು 303. ಇನ್ನೂರು ಮೀಟರಿನಲ್ಲಿ 54 ಇಳಿದಿದೆ, ಕಿ.ಮೀ.ಗೆ 270. ಒಳ್ಳೆಯ ಡಕ್ಟ್. ಆ 54ರಲ್ಲಿ 44 ತೇವದ ಭಾಗದಿಂದ ಬಂದದ್ದು ಗಮನಿಸಿ. ನಾಲ್ಕು ಡಿಗ್ರಿ ಬಿಸಿಯಾದದ್ದರ ಪಾಲು ಚಿಕ್ಕದು.

ನೂರಾರು ಅಳತೆ ನೋಡುವವರು ಎನ್ ಬದಲು 'ಎಂ' ಬಳಸುತ್ತಾರೆ. ಎನ್‌ಗೆ ಪ್ರತಿ ಮೀಟರಿಗೆ 0.157 ಕೂಡಿಸಿದರೆ ಎಂ. ಮೇಲೆ ಹೋದಂತೆ ಎಂ ಏರುತ್ತಿದ್ದರೆ ಡಕ್ಟ್ ಇಲ್ಲ, ಇಳಿದರೆ ಇದೆ. ನಮ್ಮ ಉದಾಹರಣೆಯಲ್ಲಿ 357ರಿಂದ 334ಕ್ಕೆ ಇಳಿದಿದೆ.

ಈ 22–23ರ ಇಳಿಕೆ ಇನ್ನೊಂದು ಮುಖ್ಯ ಸಂಗತಿಯನ್ನೂ ಹೇಳುತ್ತದೆ. ಡಕ್ಟ್‌ಗೆ ಸಿಕ್ಕಿಬೀಳಬೇಕಾದರೆ ತರಂಗ ಅದರೊಳಗೆ ಬಹುತೇಕ ಅಡ್ಡಡ್ಡಲಾಗಿ ನುಗ್ಗಬೇಕು. ಎಷ್ಟು ಅಡ್ಡ? ಎಂ ಇಳಿಕೆಯ ಎರಡರಷ್ಟನ್ನು ಹತ್ತು ಲಕ್ಷದಿಂದ ಭಾಗಿಸಿ ವರ್ಗಮೂಲ ತೆಗೆದರೆ ರೇಡಿಯನ್‌ನಲ್ಲಿ ಉತ್ತರ ಬರುತ್ತದೆ. ಇಲ್ಲಿ ಅದು 0.0067, ಅಂದರೆ 0.4 ಡಿಗ್ರಿಗೂ ಕಡಿಮೆ. ಅದಕ್ಕಿಂತ ಕಡಿದಾಗಿ ಬಂದದ್ದು ತೂರಿಕೊಂಡು ಹೋಗುತ್ತದೆ. ಬೆಟ್ಟದ ನೆತ್ತಿ ಡಕ್ಟ್‌ಗಿಂತ ಮೇಲಿದ್ದರೆ ಅಲ್ಲಿ ನಿಂತವರಿಗೆ ಏನೂ ಕೇಳದೆ, ಬುಡದಲ್ಲಿ ನಿಂತವರು ಐನೂರು ಕಿ.ಮೀ. ಆಚೆ ಮಾತಾಡುತ್ತಿರುವುದು ಇದೇ ಕಾರಣಕ್ಕೆ. ಎತ್ತರ ಇದ್ದಷ್ಟೂ ಒಳ್ಳೆಯದು ಎಂಬ ವಿಎಚ್‌ಎಫ್ (144 ಮೆಗಾಹರ್ಟ್ಸ್‌ನಂಥ ಕೆಳಗಿನ ಬ್ಯಾಂಡ್) ಪಾಠವನ್ನು ಇಲ್ಲಿ ಮರೆಯಬೇಕು.

ಡಕ್ಟ್ ಎಷ್ಟು ದಪ್ಪ ಇರಬೇಕು ಎಂಬುದಕ್ಕೂ ಒಂದು ಒರಟು ಲೆಕ್ಕ ಇದೆ. ಮೀಟರಿನಲ್ಲಿ ದಪ್ಪವನ್ನು ಒಂದೂವರೆ ಘಾತಕ್ಕೆ ಏರಿಸಿ 360ನ್ನು ಅದರಿಂದ ಭಾಗಿಸಿ. ಸಿಕ್ಕಿಬೀಳುವ ಅತಿ ಕಡಿಮೆ ಫ್ರೀಕ್ವೆನ್ಸಿ ಗಿಗಾಹರ್ಟ್ಸ್‌ನಲ್ಲಿ ಬರುತ್ತದೆ. 144 ಮೆಗಾಹರ್ಟ್ಸ್‌ಗೆ 180 ಮೀಟರಿಗೂ ಹೆಚ್ಚು ದಪ್ಪ ಬೇಕು. 1296ಕ್ಕೆ 42 ಮೀಟರ್. 10 ಗಿಗಾಹರ್ಟ್ಸ್‌ಗೆ ಬರೀ 11 ಮೀಟರ್. ಹಾಗಾಗಿ '144ರಲ್ಲಿ ಬೀಕನ್ ಕೇಳುತ್ತಿಲ್ಲ, ಇವತ್ತು ಏನೂ ಇಲ್ಲ' ಎಂದು ಡಿಶ್ ಮಡಚಬೇಡಿ (ಬೀಕನ್ ಅಂದರೆ ಬಿಡದೆ ಗುರುತಿನ ಸಿಗ್ನಲ್ ಕಳಿಸುತ್ತಿರುವ ಸ್ಟೇಷನ್). ತೆಳುವಾದ ಡಕ್ಟ್ 144ಕ್ಕೆ ಕಾಣಿಸುವುದೇ ಇಲ್ಲ.

ಅಂಥ ತೆಳು ಡಕ್ಟ್‌ಗಳಲ್ಲಿ ಅತಿ ನಂಬಿಕೆಯದು ಸಮುದ್ರದ ಆವಿಯದು. ನೀರಿನ ಮೈಗೆ ಅಂಟಿದ ಗಾಳಿ ತೇವದಿಂದ ತುಂಬಿರುತ್ತದೆ, ಕೆಲವೇ ಮೀಟರ್ ಮೇಲೆ ಅದು ಥಟ್ಟನೆ ಒಣಗುತ್ತದೆ. ಹತ್ತು ಹದಿನೈದು ಮೀಟರ್ ದಪ್ಪದ ಈ ಪದರ ಬೆಚ್ಚನೆಯ ಸಮುದ್ರಗಳ ಮೇಲೆ ಹೆಚ್ಚುಕಡಿಮೆ ಯಾವಾಗಲೂ ಇರುತ್ತದೆ. 10 ಗಿಗಾಹರ್ಟ್ಸ್‌ನ ಡಿಶ್ಶನ್ನು ಮರಳ ಮೇಲೆ, ನೀರಿಗಿಂತ ಐದಾರು ಮೀಟರ್ ಎತ್ತರದಲ್ಲಿ ಟ್ರೈಪಾಡ್‌ಗೆ ಕಟ್ಟುವುದೇ ಸರಿಯಾದ ಜಾಗ. ಹಿಂದಿನ ದಿಬ್ಬ ಹತ್ತಿದರೆ ಸಿಗ್ನಲ್ ಕಳೆದುಹೋಗುತ್ತದೆ.

ದೊಡ್ಡ ದೂರಗಳು ಬರುವುದು ಇನ್ನೊಂದು ಬಗೆಯಲ್ಲಿ. ಅಧಿಕ ಒತ್ತಡದ ಪ್ರದೇಶದಲ್ಲಿ ಮೇಲಿನ ಗಾಳಿ ನಿಧಾನವಾಗಿ ಕೆಳಗಿಳಿಯುತ್ತ ಒತ್ತಿ ಬಿಸಿಯಾಗಿ ಒಣಗುತ್ತದೆ, ಸಮುದ್ರದ ತೇವದ ಗಾಳಿಯ ಮೇಲೆ ಚಪ್ಪರದಂತೆ ಕೂರುತ್ತದೆ. ಹವಾಯಿ ಮತ್ತು ಕ್ಯಾಲಿಫೋರ್ನಿಯಾ ನಡುವಿನ ಸುಮಾರು 4,000 ಕಿ.ಮೀ. ದಾರಿ ಇದಕ್ಕೆ ಮಾದರಿ. 1957ರ ಜುಲೈನಲ್ಲಿ 144 ಮೆಗಾಹರ್ಟ್ಸ್‌ನಲ್ಲಿ ಹ್ಯಾಮ್‌ಗಳು ಅದನ್ನು ದಾಟಿದರು. 1991ರಲ್ಲಿ 3.4 ಮತ್ತು 5.7 ಗಿಗಾಹರ್ಟ್ಸ್‌ನಲ್ಲೂ ದಾಟಿದರು. ಆ ದಾರಿಯಲ್ಲಿ ಇನ್ವರ್ಷನ್ ಸಮತಟ್ಟಾಗಿಲ್ಲ. ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಕೆಲವು ನೂರು ಮೀಟರ್ ಎತ್ತರ, ಹವಾಯಿ ಹತ್ತಿರ ಎರಡು ಸಾವಿರ ಮೀಟರಿನ ಆಸುಪಾಸು. ಹವಾಯಿ ಕಡೆಯ ಹೆಸರುವಾಸಿ ಜಾಗ ಮೌನಾ ಲೋವಾ ಜ್ವಾಲಾಮುಖಿಯ ಇಳಿಜಾರಿನಲ್ಲಿ ಸುಮಾರು 2,500 ಮೀಟರ್ ಎತ್ತರದಲ್ಲಿ ಇದ್ದದ್ದು ಆಕಸ್ಮಿಕವಲ್ಲ. ದಕ್ಷಿಣ ಆಸ್ಟ್ರೇಲಿಯಾದ ಗ್ರೇಟ್ ಆಸ್ಟ್ರೇಲಿಯನ್ ಬೈಟ್ ಕೊಲ್ಲಿಯ ಮೇಲೆ 10 ಗಿಗಾಹರ್ಟ್ಸ್ 1,900 ಕಿ.ಮೀ. ದಾಟಿದ್ದೂ ಇಂಥ ಬೇಸಗೆಯ ಡಕ್ಟ್‌ನಲ್ಲೇ.

ನೆಲದ ಮೇಲಿನ ಡಕ್ಟ್ ರಾತ್ರಿಯ ಸರಕು. ಮೋಡವಿಲ್ಲದ, ಗಾಳಿ ಸತ್ತ ರಾತ್ರಿ ನೆಲ ಬೇಗ ತಣಿಯುತ್ತದೆ, ತಾಗಿದ ಗಾಳಿಯೂ ತಣಿಯುತ್ತದೆ. ಸೂರ್ಯ ಮುಳುಗಿದ ಮೇಲೆ ಕಟ್ಟಿಕೊಳ್ಳಲು ಶುರುವಾಗಿ ಬೆಳಗಿನ ಜಾವಕ್ಕೆ ತುತ್ತತುದಿ ಮುಟ್ಟುತ್ತದೆ. ಬಿಸಿಲು ನೆಲ ಕಾಯಿಸಿದ ಒಂದೆರಡು ಗಂಟೆಯಲ್ಲಿ ಕದಡಿ ಹೋಗುತ್ತದೆ. ಅದಕ್ಕೇ ಉಪಕರಣ ಕತ್ತಲಲ್ಲೇ ಸಿದ್ಧವಿರಬೇಕು. ಬೆಳಗಾದ ಮೇಲೆ ಜೋಡಿಸಲು ಕೂತರೆ ಡಕ್ಟ್ ಕಾಯುವುದಿಲ್ಲ.

ಮಂಜಿನ ವಿಷಯದಲ್ಲಿ ಎಚ್ಚರ. ನೆಲಕ್ಕೆ ದಟ್ಟ ಮಂಜು ಕವಿದರೆ ಅಷ್ಟು ನೀರಾವಿ ಹನಿಯಾಗಿ ಗಾಳಿಯಿಂದ ಹೊರಗೆ ಬಂದಂತೆ. ಹನಿಯಾದ ನೀರು ಎನ್‌ಗೆ ಕೂಡುವುದಿಲ್ಲ. ಕೆಳಗಿನ ತೇವ ಕಡಿಮೆಯಾದಂತಾಗಿ ಇಳಿಕೆ ಸಪ್ಪೆಯಾಗುತ್ತದೆ, ಮಧ್ಯರಾತ್ರಿ ಗಟ್ಟಿಯಿದ್ದ ಬೀಕನ್ ಮಂಜು ಬಿದ್ದ ಕೂಡಲೇ ಕುಸಿಯಬಹುದು. ಆದರೆ ಬೆಟ್ಟದಿಂದ ನೋಡಿದಾಗ ಕಣಿವೆಯ ಮಂಜು ಮೇಲೆ ಚಾಕುವಿನಿಂದ ಕೊಯ್ದ ಹಾಗೆ ಚಪ್ಪಟೆಯಾಗಿ, ಅದರ ಮೇಲೆ ಬೆಚ್ಚನೆಯ ಒಣಗಾಳಿ ಮುಖಕ್ಕೆ ತಾಗುತ್ತಿದ್ದರೆ ಡಕ್ಟ್ ಆ ಅಂಚಿನಲ್ಲೇ ಇದೆ. ಡಿಶ್ಶನ್ನು ಆ ಎತ್ತರಕ್ಕೆ ತನ್ನಿ. ಹೊಗೆ ಮೇಲೇಳದೆ ಒಂದು ಮಟ್ಟದಲ್ಲಿ ಹಾಸಿಕೊಂಡಿರುವುದು ಇಂಥದ್ದೇ ಗುರುತು.

ಡಕ್ಟ್ ಕೆಡಿಸುವವರು ಯಾರೆಂದರೆ ಗಾಳಿ, ಶೀತ ಮುಂಭಾಗ (ನುಗ್ಗಿ ಬರುವ ತಣ್ಣನೆಯ ಗಾಳಿಯ ಅಂಚು), ಮಳೆ. ಯಾವುದು ಬಂದರೂ ಪದರಗಳು ಕಲಸಿಹೋಗುತ್ತವೆ. ಮುನ್ಸೂಚನೆಗೆ ಹೆಪ್‌ಬರ್ನ್ ನಕ್ಷೆಗಳನ್ನು ಬಹಳ ಜನ ನೋಡುತ್ತಾರೆ. ದೊಡ್ಡ ಸಮುದ್ರದ ಡಕ್ಟ್‌ಗೆ ಅವು ಉಪಯುಕ್ತ. ಕಣಿವೆಯ ರಾತ್ರಿ ಡಕ್ಟ್, ಹತ್ತು ಮೀಟರಿನ ಆವಿ ಡಕ್ಟ್ ಇವುಗಳನ್ನು ಅಂಥ ನಕ್ಷೆಯ ಜಾಲರಿ ಹಿಡಿಯುವಷ್ಟು ಸಣ್ಣದಲ್ಲ. ಹತ್ತಿರದ ಬಲೂನಿನ ಅಳತೆಯನ್ನು (ದಿನಕ್ಕೆ ಎರಡು ಸಲ, ಯುಟಿಸಿ 00 ಮತ್ತು 12 ಗಂಟೆಗೆ) ತೆಗೆದು ಕೈಯಾರೆ ಎಂ ಲೆಕ್ಕ ಹಾಕುವುದೇ ನನ್ನ ಪ್ರಕಾರ ಹೆಚ್ಚು ಕಲಿಸುತ್ತದೆ.

ಮಳೆ: ಆಕಾಶದಲ್ಲಿ ತೂಗುಹಾಕಿದ ಕನ್ನಡಿ

ಮಳೆಹನಿ ತರಂಗಾಂತರಕ್ಕಿಂತ ಬಹಳ ಚಿಕ್ಕದಿದ್ದಾಗ ಅದು ಚದುರಿಸುವ ಶಕ್ತಿ ಫ್ರೀಕ್ವೆನ್ಸಿಯ ನಾಲ್ಕನೇ ಘಾತದಂತೆ ಏರುತ್ತದೆ. 1296 ಮೆಗಾಹರ್ಟ್ಸ್‌ಗೆ ಇಲ್ಲವೇ ಇಲ್ಲ ಎನ್ನುವಷ್ಟು ಇರುವ ಮಳೆ 10 ಗಿಗಾಹರ್ಟ್ಸ್‌ಗೆ ನಾಲ್ಕು ಸಾವಿರ ಪಟ್ಟು ಹೊಳೆಯುತ್ತದೆ. ಹಾಗಾದರೆ 24 ಗಿಗಾಹರ್ಟ್ಸ್ ಇನ್ನೂ ಚೆನ್ನಾಗಿರಬೇಕಲ್ಲ? ಇರುವುದಿಲ್ಲ. ಅಲ್ಲಿ ಮಳೆ ಚದುರಿಸುವುದರ ಜೊತೆ ನುಂಗುತ್ತದೆ. ಗಂಟೆಗೆ 50 ಮಿ.ಮೀ. ಜೋರು ಮಳೆಯಲ್ಲಿ 10 ಗಿಗಾಹರ್ಟ್ಸ್‌ನ ನಷ್ಟ ಕಿ.ಮೀ.ಗೆ ಒಂದೂವರೆ ಡಿಬಿಯ ಹತ್ತಿರ. 24ರಲ್ಲಿ ಏಳು ಡಿಬಿಯ ಆಸುಪಾಸು. 5.7 ಮತ್ತು 10 ಗಿಗಾಹರ್ಟ್ಸ್ ಮಳೆಗೆ ಹೇಳಿ ಮಾಡಿಸಿದ ಬ್ಯಾಂಡ್‌ಗಳು.

ದೂರ ನಿರ್ಧಾರವಾಗುವುದು ಮೋಡದ ತಲೆಯ ಎತ್ತರದಿಂದ. 10 ಕಿ.ಮೀ. ಎತ್ತರದ ಗುಡುಗುಮೋಡದ ನೆತ್ತಿ 412 ಕಿ.ಮೀ. ದೂರದಿಂದ ಕಾಣುತ್ತದೆ. ಆಚೆಯವರಿಗೂ ಅಷ್ಟೇ. ಹೀಗಾಗಿ 800 ಕಿ.ಮೀ.ವರೆಗೆ ಲೆಕ್ಕದಲ್ಲಿ ಸಾಧ್ಯ. ಆದರೆ ಮೋಡದ ಮೇಲ್ಭಾಗದಲ್ಲಿ ಇರುವುದು ಹೆಚ್ಚಾಗಿ ಮಂಜುಗಡ್ಡೆ, ಮಂಜುಗಡ್ಡೆ ಚದುರಿಸುವುದು ಅದೇ ಗಾತ್ರದ ನೀರಹನಿಯ ಐದನೇ ಒಂದು ಪಾಲು. ಒದ್ದೆಯಾದ ಆಲಿಕಲ್ಲು ಮಾತ್ರ ನೀರಿನಂತೆಯೇ ಹೊಳೆಯುತ್ತದೆ. ದಿನನಿತ್ಯದ ಮಳೆಯಲ್ಲಿ ಇನ್ನೂರರಿಂದ ನಾನೂರು ಕಿ.ಮೀ. ಆರಾಮ.

ಕೆಲಸ ನಡೆಯುವುದು ಹೀಗೆ. ಹವಾ ರೇಡಾರ್ ಚಿತ್ರ ತೆರೆದು ಇಬ್ಬರಿಗೂ ಕಾಣುವಂಥ, ಚಿಕ್ಕದಾದರೂ ಗಟ್ಟಿಯಾದ ಮಳೆಯ ಗುಡ್ಡೆಯೊಂದನ್ನು ಆರಿಸಿ. 40 ಡಿಬಿಝಡ್ (ರೇಡಾರಿಗೆ ಮಳೆ ಎಷ್ಟು ಹೊಳೆಯುತ್ತದೆ ಎಂಬ ಅಳತೆ) ಮೀರಿದ ಕೆಂಪು ತಿರುಳು ಇದ್ದರೆ ಉತ್ತಮ. ಅದು ಇಬ್ಬರ ನಡುವಿನ ನೇರ ಗೆರೆಯ ಮೇಲೇ ಇರಬೇಕಿಲ್ಲ. ಇಬ್ಬರೂ ತಮ್ಮ ತಮ್ಮ ಜಾಗದಿಂದ ಆ ಗುಡ್ಡೆಗೆ ದಿಕ್ಕು ಅಳೆದು ಅಲ್ಲಿಗೇ ಡಿಶ್ ತಿರುಗಿಸಬೇಕು. ಪರಸ್ಪರರತ್ತ ತಿರುಗಿಸುವುದು ಹೊಸಬರ ಸಾಮಾನ್ಯ ತಪ್ಪು. ಚಿತ್ರ ಹತ್ತು ನಿಮಿಷ ಹಳೆಯದಿರಬಹುದು, ಗಂಟೆಗೆ 40 ಕಿ.ಮೀ. ಓಡುವ ಮೋಡ ಅಷ್ಟರಲ್ಲಿ ಆರೇಳು ಕಿ.ಮೀ. ಸರಿದಿರುತ್ತದೆ. ಮೂರೂವರೆ ಡಿಗ್ರಿಯ ಬೀಮ್‌ಗೆ ನೂರು ಕಿ.ಮೀ. ದೂರದಲ್ಲಿ ಅದು ಹೊರಗೆ ಹೋದಂತೆಯೇ.

ಮೇಲೆತ್ತುವ ಕೋನ ಮರೆಯಬೇಡಿ. 50 ಕಿ.ಮೀ. ಹತ್ತಿರದ ಮೋಡದ 6 ಕಿ.ಮೀ. ಎತ್ತರದ ಭಾಗ ಸುಮಾರು ಆರೂಮುಕ್ಕಾಲು ಡಿಗ್ರಿ ಮೇಲೆ ಇರುತ್ತದೆ. ಅದೇ ಎತ್ತರ 200 ಕಿ.ಮೀ. ದೂರದಲ್ಲಿ ಒಂದು ಡಿಗ್ರಿಯಷ್ಟೇ. ಒಬ್ಬರಿಗೆ ಮೋಡ ಹತ್ತಿರ, ಇನ್ನೊಬ್ಬರಿಗೆ ದೂರ ಇದ್ದಾಗ ಹತ್ತಿರದವರು ಡಿಶ್ ಎತ್ತದೆ ಮೋಡದ ಬುಡವನ್ನು ನೋಡುತ್ತಿರುತ್ತಾರೆ, ದೂರದವರು ಅದರ ತಲೆಯನ್ನು. ಇಬ್ಬರ ಬೀಮ್‌ಗಳು ಕೂಡುವುದೇ ಇಲ್ಲ.

ಇನ್ನೊಂದು ಸೂಕ್ಷ್ಮ, ತರಂಗ ಕಂಪಿಸುವ ದಿಕ್ಕಿನದು, ಅಂದರೆ ಪೋಲರೈಸೇಷನ್‌ನದು. ಈ ಬ್ಯಾಂಡ್‌ಗಳಲ್ಲಿ ರೂಢಿ ಅಡ್ಡ ಪೋಲರೈಸೇಷನ್. ಹನಿ ಸಣ್ಣ ಡೈಪೋಲ್‌ನಂತೆ ಕಂಪಿಸುತ್ತದೆ, ಡೈಪೋಲ್ ತನ್ನ ತುದಿಯ ದಿಕ್ಕಿಗೆ ಏನನ್ನೂ ಕಳಿಸದು. ಅಡ್ಡ ಪೋಲರೈಸೇಷನ್‌ನಲ್ಲಿ ಮೋಡದ ಬಳಿ ದಾರಿ 90 ಡಿಗ್ರಿ ತಿರುಗಬೇಕಾದರೆ ಸರಿಯಾಗಿ ಆ ಕುರುಡು ದಿಕ್ಕಿಗೇ ಸಿಕ್ಕಿಕೊಳ್ಳುತ್ತೀರಿ. ಮುಂದಕ್ಕೆ ಚದುರುವ ಅಥವಾ ಹಿಂದಕ್ಕೆ ಮರಳುವ ಮೋಡ ಆರಿಸಿ, ಇಲ್ಲವೇ ಇಬ್ಬರೂ ಫೀಡ್ ಹಾರ್ನನ್ನು (ಡಿಶ್ಶಿನ ಮುಂದಿನ ಕೊಂಬು) ಕಾಲು ಸುತ್ತು ತಿರುಗಿಸಿ ನಿಲುವು ಪೋಲರೈಸೇಷನ್‌ಗೆ ಬನ್ನಿ.

ಮಳೆಯಿಂದ ಬಂದ ಮೋರ್ಸ್‌ನ ಸದ್ದು ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಸ್ವರ ಇರುವುದಿಲ್ಲ, ಕಾದ ಹಂಚಿಗೆ ನೀರು ಚಿಮುಕಿಸಿದಾಗ ಬರುವ 'ಚುಸ್ಸ್, ಚುಸ್ಸ್' ಅಕ್ಷರಗಳಾಗಿ ಕತ್ತರಿಸಿ ಬಂದ ಹಾಗೆ. ಸಾವಿರಾರು ಹನಿಗಳು ಬೇರೆ ಬೇರೆ ವೇಗದಲ್ಲಿ ಚಲಿಸುತ್ತ ಪ್ರತಿಯೊಂದೂ ಬೇರೆ ಡಾಪ್ಲರ್ ಕೊಡುವುದರಿಂದ ಹೀಗೆ. ಹಿಂದಕ್ಕೆ ಮರಳುವ ಸಿಗ್ನಲ್‌ನಲ್ಲಿ ಗಾಳಿ ಸೆಕೆಂಡಿಗೆ 20 ಮೀಟರ್ ಬೀಸುತ್ತಿದ್ದರೆ ಇಡೀ ಸಿಗ್ನಲ್ 1,400 ಹರ್ಟ್ಸ್‌ವರೆಗೆ ಪಕ್ಕಕ್ಕೆ ಸರಿಯುತ್ತದೆ. ಕಿರಿದಾದ ಮೋರ್ಸ್ ಫಿಲ್ಟರ್ ತೆಗೆದು ಎಸ್‌ಎಸ್‌ಬಿ ಅಗಲದಲ್ಲೇ ಕೇಳಿ. ಎಸ್‌ಎಸ್‌ಬಿ ಮಾತು ಪಿಸುಗುಟ್ಟಿದಂತೆ ಬರುತ್ತದೆ. ನಿಧಾನವಾಗಿ, ಕರೆಸಂಕೇತವನ್ನು ಫೋನೆಟಿಕ್ಸ್‌ನಲ್ಲಿ ಹೇಳಿದರೆ ಅರ್ಥವಾಗುತ್ತದೆ. ಸಿಗ್ನಲ್ ಬಹಳ ಗಟ್ಟಿಯಿದ್ದರೆ ಎಫ್‌ಎಂ ಇನ್ನೂ ಸ್ಪಷ್ಟ. ಕ್ಷೀಣ ಸಿಗ್ನಲ್ಲಿಗೆಂದು ಮಾಡಿದ ಡಿಜಿಟಲ್ ವಿಧಾನ ಎಫ್‌ಟಿ8 ಇಲ್ಲಿ ನಡೆಯದು: ಅದರ ಸ್ವರಗಳ ಅಂತರ ಬರೀ 6.25 ಹರ್ಟ್ಸ್, ಮಳೆ ಅದನ್ನೆಲ್ಲ ಒಂದೇ ಮುದ್ದೆ ಮಾಡಿಬಿಡುತ್ತದೆ. ಡಿಜಿಟಲ್ ಬೇಕಾದರೆ ಕ್ಯೂ65ರ ಅಗಲ ಅಂತರದ ಉಪಬಗೆಗಳನ್ನು ಪ್ರಯತ್ನಿಸಿ. ವರದಿ ಕೊಡುವಾಗ ಸ್ವರದ ಅಂಕಿಯ ಜಾಗದಲ್ಲಿ 'ಎಸ್' ಹಾಕುವುದು ರೂಢಿ, 59ಎಸ್ ಎಂಬಂತೆ.

ಗುಡುಗುಮೋಡ ನಿಮ್ಮಿಂದ ನೂರು ಕಿ.ಮೀ. ಆಚೆ ಇದ್ದಾಗ ಅದು ಕನ್ನಡಿ. ಹತ್ತು ಹದಿನೈದು ಕಿ.ಮೀ.ಗೆ ಬಂದರೆ ಸಿಡಿಲಿನ ಅಪಾಯ. ಬೋಳು ಬೆಟ್ಟದ ತುದಿಯಲ್ಲಿ ಲೋಹದ ಟ್ರೈಪಾಡ್ ಹಿಡಿದು ನಿಲ್ಲಬಾರದು. ಗುಡುಗು ಕಿವಿಗೆ ಬಿತ್ತೆಂದರೆ ಎಲ್ಲವನ್ನೂ ಬಿಟ್ಟು ವಾಹನದೊಳಗೆ ಹೋಗಿ.

ವಿಮಾನಗಳೂ ಕನ್ನಡಿಯಾಗುತ್ತವೆ. ಇಬ್ಬರ ನಡುವಿನ ಗೆರೆಯನ್ನು ದಾಟುವ ಹೊತ್ತಿಗೆ ಸಿಗ್ನಲ್ ಏರಿ, 10 ಗಿಗಾಹರ್ಟ್ಸ್‌ನಲ್ಲಿ ಕೆಲವೇ ಹತ್ತು ಸೆಕೆಂಡು ನಿಂತು ಹೋಗುತ್ತದೆ. ಹವೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅರೆ ನಿಮಿಷ ಬಂದು ಮಾಯವಾದ ಸಿಗ್ನಲ್ಲನ್ನು ಡಕ್ಟ್ ಎಂದು ತಪ್ಪು ತಿಳಿಯದಿರಲು ಗೊತ್ತಿರಬೇಕು.

ತೇವ ನುಂಗುವ ಬ್ಯಾಂಡ್

24 ಗಿಗಾಹರ್ಟ್ಸ್‌ಗೆ ಬಂದರೆ ನಿಯಮ ತಿರುಗುಮುರುಗು. ನೀರಾವಿಯ ಹೀರುವ ಗೆರೆ 22.235 ಗಿಗಾಹರ್ಟ್ಸ್‌ನಲ್ಲಿದೆ, ಹ್ಯಾಮ್‌ಗಳ 24,048 ಮೆಗಾಹರ್ಟ್ಸ್ ಅದರ ಪಕ್ಕದಲ್ಲೇ. ಘನಮೀಟರಿಗೆ 20 ಗ್ರಾಂ ಆವಿ ಇರುವ ಬೆವರಿಳಿಸುವ ದಿನ ಕಿ.ಮೀ.ಗೆ ಸುಮಾರು 0.4 ಡಿಬಿ ಹೋಗುತ್ತದೆ. 150 ಕಿ.ಮೀ.ಗೆ 60 ಡಿಬಿ. ಚಳಿಗಾಲದ ಒಣ ಬೆಳಗಿನಲ್ಲಿ 2 ಗ್ರಾಂ ಇದ್ದರೆ ಅದೇ ದಾರಿಯಲ್ಲಿ ಹೋಗುವುದು ಏಳೆಂಟು ಡಿಬಿ ಮಾತ್ರ. ಹಾಗಾಗಿ 10 ಗಿಗಾಹರ್ಟ್ಸ್‌ನವರು ತೇವ ಹುಡುಕುವಾಗ 24ರವರು ಒಣಹವೆ ಕಾಯುತ್ತಾರೆ. ಇಲ್ಲಿ ಸಾಪೇಕ್ಷ ಆರ್ದ್ರತೆಯ ಶೇಕಡಾ ನೋಡಬೇಡಿ, ಇಬ್ಬನಿ ಬಿಂದು ನೋಡಿ. ಸೊನ್ನೆ ಡಿಗ್ರಿಯಲ್ಲಿ ಶೇ. 90 ಇದ್ದರೂ ಆವಿ ಅತ್ಯಲ್ಪ.

ದಾರಿ ತೆರೆದಾಗ ಕೈಕೊಡುವ ಸಂಗತಿಗಳು

ಹವೆ ಒಲಿದ ಹದಿನೈದು ನಿಮಿಷದಲ್ಲಿ ಎರಡು ಸಂಗತಿ ಗೊತ್ತಿಲ್ಲದಿದ್ದರೆ ಸಂಪರ್ಕ ಆಗದು: ಆಚೆಯವರು ಯಾವ ಫ್ರೀಕ್ವೆನ್ಸಿಯಲ್ಲಿದ್ದಾರೆ, ಯಾವ ದಿಕ್ಕಿನಲ್ಲಿದ್ದಾರೆ. ಎರಡನ್ನೂ ಒಟ್ಟಿಗೆ ಹುಡುಕುವುದು ಕತ್ತಲಲ್ಲಿ ಸೂಜಿ ಹುಡುಕಿದಂತೆ. ಒಂದನ್ನಾದರೂ ಮೊದಲೇ ಕಟ್ಟಿಹಾಕಬೇಕು.

ಕಟ್ಟಿಹಾಕಲು ಸುಲಭವಾದದ್ದು ಫ್ರೀಕ್ವೆನ್ಸಿ. 144 ಮೆಗಾಹರ್ಟ್ಸ್ ರೇಡಿಯೊದ ಜೊತೆ ಬಳಸುವ ಟ್ರಾನ್ಸ್‌ವರ್ಟರ್‌ನ (144ರ ಸಿಗ್ನಲ್ಲನ್ನು 10 ಗಿಗಾಹರ್ಟ್ಸ್‌ಗೆ ಏರಿಸಿ ಇಳಿಸುವ ಪೆಟ್ಟಿಗೆ) ಒಳ ಆಂದೋಲಕ 10,224 ಮೆಗಾಹರ್ಟ್ಸ್‌ನದು. ಹಳೆಯ ವಿನ್ಯಾಸದಲ್ಲಿ ಅದು 106.5 ಮೆಗಾಹರ್ಟ್ಸ್ ಹರಳನ್ನು 96 ಪಟ್ಟು ಮಾಡಿ ಬಂದದ್ದು. ಹರಳು ಹತ್ತು ಲಕ್ಷದಲ್ಲಿ ಒಂದು ಪಾಲು ಸರಿದರೆ ನೀವು 10 ಕಿಲೋಹರ್ಟ್ಸ್ ಆಚೆ. ಬೆಟ್ಟದ ಚಳಿಗಾಳಿ ಬೀಸಿದರೆ ಅಷ್ಟು ಸರಿಯುವುದು ಏನೇನೂ ಕಷ್ಟವಲ್ಲ. ಜಿಪಿಎಸ್‌ಗೆ ಬೀಗ ಹಾಕಿದ 10 ಮೆಗಾಹರ್ಟ್ಸ್ ಆಧಾರ ಕೊಟ್ಟರೆ ತಪ್ಪು ಕೆಲವು ಹರ್ಟ್ಸ್‌ಗೆ ಇಳಿಯುತ್ತದೆ. ಬರೀ ಓವನ್ ಹರಳು ಇದ್ದರೆ ಕನಿಷ್ಠ ಅರ್ಧ ಗಂಟೆ ಮೊದಲೇ ವಿದ್ಯುತ್ ಕೊಟ್ಟು ಬೆಚ್ಚಗಾಗಲು ಬಿಡಿ. ಜೊತೆಗಿರುವ 144ರ ರೇಡಿಯೊದ ಸ್ವಂತ ತಪ್ಪನ್ನೂ ಸೇರಿಸಿಕೊಳ್ಳಲು ಮರೆಯಬೇಡಿ. ಅದು ಗುಣಾಕಾರವಾಗುವುದಿಲ್ಲವಾದರೂ ನೂರಾರು ಹರ್ಟ್ಸ್ ಇರಬಹುದು.

ದಿಕ್ಕಿಗೆ ದಿಕ್ಸೂಚಿ ಸಾಲದು. ಡಿಶ್ ಮತ್ತು ಬ್ಯಾಟರಿಯ ಪಕ್ಕ ಅದು ಹತ್ತು ಡಿಗ್ರಿ ಸುಳ್ಳು ಹೇಳುತ್ತದೆ, ನಿಮ್ಮ ಬೀಮ್ ಇರುವುದೇ ಮೂರೂವರೆ ಡಿಗ್ರಿ. ಸೂರ್ಯನಷ್ಟು ಒಳ್ಳೆಯ ಗುರುತು ಬೇರೆ ಇಲ್ಲ. ಡಿಶ್ಶನ್ನು ಸೂರ್ಯನತ್ತ ತಿರುಗಿಸಿ ನಾಯ್ಸ್ ಗರಿಷ್ಠವಾದಲ್ಲಿ ನಿಲ್ಲಿಸಿ, ಆ ಕ್ಷಣದ ಸೂರ್ಯನ ದಿಕ್ಕು ಮತ್ತು ಎತ್ತರವನ್ನು ಪಟ್ಟಿಯಿಂದ ತೆಗೆದು ಟ್ರೈಪಾಡಿನ ಡಿಗ್ರಿ ಫಲಕಕ್ಕೆ ಹೊಂದಿಸಿ. 60 ಸೆಂ.ಮೀ. ಡಿಶ್‌ನಲ್ಲಿ ಶಾಂತ ಸೂರ್ಯ ನಾಯ್ಸನ್ನು ಮೂರರಿಂದ ನಾಲ್ಕು ಡಿಬಿ ಏರಿಸಬೇಕು. ಒಂದೇ ಡಿಬಿ ಏರಿದರೆ ರಿಸೀವರ್ ಅಥವಾ ಫೀಡ್‌ನಲ್ಲಿ ತೊಂದರೆ ಇದೆ. ಬೇರೆ ಯಾವ ಉಪಕರಣವೂ ಇಲ್ಲದೆ ಇಡೀ ರಿಸೀವರಿನ ಆರೋಗ್ಯ ಹೇಳುವ ಪರೀಕ್ಷೆ ಇದು. ಆಫ್‌ಸೆಟ್ (ಫೀಡ್ ನಡುವಿನ ಬದಲು ಕೆಳಗಿರುವ) ಡಿಶ್ಶಿನವರಿಗೆ ಇದು ಎತ್ತರದ ಕೋನವನ್ನೂ ಸರಿಮಾಡಿಕೊಡುತ್ತದೆ. ಬೀಮ್ ಕ್ಷಿತಿಜ ನೋಡುವಾಗ ಅಂಥ ಡಿಶ್ಶಿನ ಮುಖ ಇಪ್ಪತ್ತು ಚಿಲ್ಲರೆ ಡಿಗ್ರಿ ನೆಲದ ಕಡೆ ಬಾಗಿರುತ್ತದೆ, ಕಣ್ಣಳತೆಯಲ್ಲಿ ನಂಬುವುದೇ ಕಷ್ಟ. ಎರಡು ಡಿಗ್ರಿ ತಪ್ಪಿದರೆ ನಾಲ್ಕು ಡಿಬಿ ಹೋಯಿತು.

ನೀರು ಇನ್ನೊಂದು ಶತ್ರು. ಫೀಡ್ ಹಾರ್ನ್ ಬಾಯಿಗೆ ತೆಳು ಪಾಲಿಥೀನ್ ಹಾಳೆ ಬಿಗಿದು ಕಟ್ಟಿ, ಆದರೆ ಅದರ ಮೇಲೆ ನಿಂತ ನೀರಿನ ಪೊರೆಯೇ ಕೆಲವು ಡಿಬಿ ತಿನ್ನಬಲ್ಲದು, ಆಗಾಗ ಒರೆಸಿ. ಡಕ್ಟ್‌ನ ರಾತ್ರಿಗಳು ಇಬ್ಬನಿಯ ರಾತ್ರಿಗಳೂ ಹೌದು. ಹೊರಗೆ ತಣ್ಣಗಾದ ಎಸ್‌ಎಂಎ ಕನೆಕ್ಟರಿನೊಳಗೆ, ವೇವ್‌ಗೈಡ್ ತಿರುವಿನಲ್ಲಿ ಹನಿ ಕಟ್ಟಿದರೆ ಸಿಗ್ನಲ್ ತಾನಾಗಿ ಕುಗ್ಗುತ್ತ ಹೋಗುತ್ತದೆ. ಬೀಕನ್ ನಿಧಾನವಾಗಿ ಇಳಿದಾಗ ಡಕ್ಟ್ ಹೋಯಿತು ಎನ್ನುವ ಮುಂಚೆ ಫೀಡ್ ಒರೆಸಿ ನೋಡಿ. ಕನೆಕ್ಟರುಗಳಿಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಹಾರ್ನ್‌ನ ಕೆಳಮೈಯಲ್ಲಿ ನೀರಿಳಿಯಲು ಸಣ್ಣ ರಂಧ್ರ ಬಿಡಿ.

ಬ್ಯಾಟರಿಯದು ಮೂರನೇ ಕಾಟ. 3 ವ್ಯಾಟ್ ಆಂಪ್ಲಿಫೈಯರ್ ಮೂರು ನಾಲ್ಕು ಆಂಪಿಯರ್ ಎಳೆಯುತ್ತದೆ. ಉದ್ದನೆಯ ಸಪೂರ ತಂತಿ ಹಾಕಿದರೆ ಕೀ ಒತ್ತಿದ ಕೂಡಲೇ ವೋಲ್ಟೇಜ್ ಕುಸಿದು ಒಳಗಿನ ರೆಗ್ಯುಲೇಟರ್ ಕೈಬಿಡುತ್ತದೆ, ಮಾತು ಒಡೆಯುತ್ತದೆ. ಅಳತೆಯನ್ನು ಬ್ಯಾಟರಿಯ ಬಳಿ ಮಾಡಬೇಡಿ. ಕೀ ಒತ್ತಿರುವಾಗ ಟ್ರಾನ್ಸ್‌ವರ್ಟರಿನ ಟರ್ಮಿನಲ್‌ನಲ್ಲೇ ಮಾಡಿ. ಆಂಟೆನಾ ರಿಲೇ ಪೂರ್ತಿ ಕೂತ ಮೇಲೆ, 50ರಿಂದ 100 ಮಿಲಿಸೆಕೆಂಡ್ ಬಿಟ್ಟು ಆಂಪ್ಲಿಫೈಯರಿಗೆ ವಿದ್ಯುತ್ ಹೋಗುವಂತೆ ಸೀಕ್ವೆನ್ಸರ್ ಇರಲೇಬೇಕು. ಇಲ್ಲದಿದ್ದರೆ ರಿಸೀವರಿನ ಮೊದಲ ಟ್ರಾನ್ಸಿಸ್ಟರ್ ಸುಡುತ್ತದೆ, ಮತ್ತು ಅದು ಸುಟ್ಟದ್ದು ಆ ರಾತ್ರಿ ಗೊತ್ತೇ ಆಗುವುದಿಲ್ಲ: ಬ್ಯಾಂಡ್ ಸತ್ತಿದೆ ಎಂದುಕೊಂಡು ಮನೆಗೆ ಬರುತ್ತೀರಿ.

ಸಂಪರ್ಕ ಮಾಡುವಾಗ ಒಬ್ಬರು ಒಂದು ನಿಮಿಷ ಬಿಡದೆ ಮೋರ್ಸ್ ಚುಕ್ಕಿಗಳನ್ನು ಕಳಿಸಲಿ, ಇನ್ನೊಬ್ಬರು ಆ ನಿಮಿಷದಲ್ಲಿ ಒಂದೊಂದೇ ಡಿಗ್ರಿ ಡಿಶ್ ಸರಿಸಲಿ. ಇಬ್ಬರೂ ಒಟ್ಟಿಗೆ ಡಿಶ್ ಅಲ್ಲಾಡಿಸಬಾರದು. 144 ಅಥವಾ 432ರಲ್ಲಿ ಇಲ್ಲವೇ ಫೋನಿನಲ್ಲಿ ಸಮಯ, ದಿಕ್ಕು, ಫ್ರೀಕ್ವೆನ್ಸಿ ಮಾತಾಡಿಕೊಳ್ಳಬಹುದು. ಕರೆಸಂಕೇತ, ವರದಿ, ಆರು ಅಕ್ಷರದ ಲೊಕೇಟರ್ (ಜಾಗದ ಸಂಕೇತ), ಸಿಕ್ಕಿತೆಂಬ 'ಆರ್' ಮಾತ್ರ ಮೈಕ್ರೋವೇವ್‌ನಲ್ಲೇ ಹೋಗಬೇಕು. ಡಕ್ಟ್‌ನಲ್ಲಿ ಸಿಗ್ನಲ್ ನಿಮಿಷಕ್ಕೊಮ್ಮೆ 20 ಡಿಬಿ ಏರಿಳಿಯುವುದು ಸಾಮಾನ್ಯ. ಏರಿದಾಗ ಹವಾ ವಿಚಾರ ಮಾತಾಡಲು ಕೂರದೆ ಮೊದಲು ಅಷ್ಟನ್ನು ಮುಗಿಸಿ.

ದಾಖಲೆಯಲ್ಲಿ ವರದಿಯ ಜೊತೆ ಇನ್ನೂ ನಾಲ್ಕು ಕಾಲಂ ಇರಲಿ: ನೆಲದ ಉಷ್ಣಾಂಶ, ಇಬ್ಬನಿ ಬಿಂದು, ಗಾಳಿ, ಡಿಶ್ ನಿಜವಾಗಿ ತೋರಿಸುತ್ತಿದ್ದ ದಿಕ್ಕು ಮತ್ತು ಕೋನ. ಏನೂ ಕೇಳದ ರಾತ್ರಿಗಳನ್ನೂ ಬರೆಯಿರಿ. ಒಂದು ವರ್ಷದ ಪುಟಗಳನ್ನು ಬಲೂನಿನ ಅಳತೆಗಳ ಪಕ್ಕ ಇಟ್ಟು ನೋಡಿದರೆ ನಿಮ್ಮ ದಾರಿಗೆ ಡಕ್ಟ್ ಯಾವ ಎತ್ತರದಲ್ಲಿ, ಯಾವ ಗಂಟೆಗೆ ಕಟ್ಟುತ್ತದೆ ಎನ್ನುವುದು ಯಾವ ನಕ್ಷೆಗಿಂತಲೂ ಸ್ಪಷ್ಟವಾಗಿ ಸಿಗುತ್ತದೆ.